ಪರೀಕ್ಷೆ ಮುಗಿದ ಮೇಲೆ ಉತ್ತರ ಹೋಲಿಸಿ ನೋಡಬಾರದೇ?

ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆ ಕನ್ನಡದ ಪರೀಕ್ಷೆ ಬರೆದು ಮಕ್ಕಳು ಹೊರಬಂದ ಐದೇ ನಿಮಿಷಕ್ಕೆ ಗೇಟಿನ ಹೊರಗೆ ಇನ್ನೊಂದು ಮೌಲ್ಯಮಾಪನ ಶುರುವಾಗಿರುತ್ತದೆ. ಗದಗ ಜಿಲ್ಲೆ ಗಜೇಂದ್ರಗಡ ತಾಲೂಕಿನ ರಾಜೂರ ಕಡೆಯ ಮಕ್ಕಳಾದರೆ ಅದು ಹೀಗೆ ಕೇಳಿಸುತ್ತದೆ: "ಮಳೆಗಾಲಕ್ಕ ಯಾವ ಸಂಧಿ ಬರದಿಲೇ?" "ಆದೇಶ." "ಹುಚ್ಚ ಅದಿಯೇನು, ಅದು ಆಗಮ! ಎಲ್ಲಾರೂ ಆಗಮನ ಬರದಾರ." ಆದೇಶ ಎಂದು ಬರೆದವನ ಮುಖ ಅಲ್ಲೇ ಬಾಡುತ್ತದೆ. ಮನೆಗೆ ಬಂದರೆ ಹಿರಿಯರ ಮಾತು ಬೇರೆ: "ಬರೆದದ್ದು ಬರೆದಾಯ್ತು, ಉತ್ತರ ತಾಳೆ ನೋಡಬ್ಯಾಡ, ಮುಂದಿನ ಪೇಪರ್ ಕೆಡತದ."

ಹಿರಿಯರು ಹೇಳುವುದು ನಿಜವೇ? ಅರ್ಧ ನಿಜ. ಆ ಅರ್ಧ ಯಾವುದು ಎಂದು ತಿಳಿದುಕೊಂಡರೆ ಒಳ್ಳೆಯದು.

ಮೊದಲು ಮೇಲಿನ ಜಗಳ ಬಗೆಹರಿಸೋಣ. ಮಳೆ + ಕಾಲ = ಮಳೆಗಾಲ. 'ಕ'ಕಾರದ ಜಾಗಕ್ಕೆ 'ಗ'ಕಾರ ಬಂದಿದೆ, ಆದ್ದರಿಂದ ಇದು ಆದೇಶ ಸಂಧಿ. ಒಬ್ಬನೇ ಇದ್ದವನು ಸರಿ, ಐದು ಜನ ತಪ್ಪು. ಗೇಟಿನ ಹೊರಗಿನ ಮೌಲ್ಯಮಾಪನದ ದೊಡ್ಡ ತೊಂದರೆ ಇದೇ, ಅಲ್ಲಿ ಬಹುಮತವೇ ಕೀ ಉತ್ತರವಾಗಿಬಿಡುತ್ತದೆ. ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ ಪ್ರಯೋಗ ಇದಕ್ಕೆ ಪ್ರಸಿದ್ಧ. ಗೆರೆಗಳ ಉದ್ದ ಹೋಲಿಸುವಷ್ಟು ಸುಲಭದ ಕೆಲಸ ಅದು. ಆದರೂ ಕೋಣೆಯಲ್ಲಿದ್ದ ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಆ ತಪ್ಪಿಗೆ ದನಿಗೂಡಿಸಿದರು. ಕಣ್ಣೆದುರಿನ ಗೆರೆಯ ವಿಷಯದಲ್ಲೇ ಹೀಗಾದರೆ ಸಂಧಿಯ ಪಾಡೇನು!

ನಾನು ಏನು ಬರೆದೆ?

ಎರಡನೆಯ ತೊಂದರೆ ಇನ್ನೂ ವಿಚಿತ್ರ. ಹೊರಗೆ ಬಂದಾಗ ಪ್ರಶ್ನೆಪತ್ರಿಕೆ ಕೈಯಲ್ಲಿರುತ್ತದೆ, ಉತ್ತರಪತ್ರಿಕೆ ಒಳಗೇ ಉಳಿದಿರುತ್ತದೆ. ಹಾಗಾಗಿ ನೀವು ಹೋಲಿಸುವುದು ಉತ್ತರವನ್ನಲ್ಲ, ಉತ್ತರದ ನೆನಪನ್ನು. ಆ ನೆನಪು ಮಾತಿನ ನಡುವೆಯೇ ಬದಲಾಗಬಲ್ಲದು. 2003ರಲ್ಲಿ ಗ್ಯಾಬರ್ಟ್, ಮೆಮನ್ ಮತ್ತು ಆಲನ್ ಎಂಬ ಸಂಶೋಧಕರು ಒಂದೇ ಘಟನೆಯನ್ನು ಬೇರೆ ಬೇರೆ ಕೋನದಿಂದ ತೆಗೆದ ಎರಡು ವಿಡಿಯೊಗಳನ್ನು ಇಬ್ಬಿಬ್ಬರಿಗೆ ತೋರಿಸಿ, ಆಮೇಲೆ ಅವರನ್ನು ಮಾತಾಡಲು ಬಿಟ್ಟರು. ಇಬ್ಬರೂ ನೋಡಿದ್ದು ಒಂದೇ ವಿಡಿಯೊ ಎಂದು ಅವರು ನಂಬಿದ್ದರು. ಮಾತಾಡಿದವರಲ್ಲಿ 71% ಮಂದಿ ತಾವು ನೋಡಿರದ, ಜೊತೆಗಾರ ಹೇಳಿದ ಒಂದಾದರೂ ವಿವರವನ್ನು ತಮ್ಮ ನೆನಪೆಂದು ಹೇಳಿದರು. "ಅಯ್ಯೋ, ನಾನೂ ಆಗಮ ಅಂತಲೇ ಬರೆದೆ ಅನ್ನಿಸ್ತದ" ಎನ್ನುವ ಹುಡುಗ ಸುಳ್ಳು ಹೇಳುತ್ತಿಲ್ಲ, ಅವನಿಗೆ ಹಾಗೇ ನೆನಪಾಗುತ್ತಿರಬಹುದು.

ಹೋಲಿಕೆಯಿಂದ ಹುಟ್ಟುವ ಇನ್ನೊಂದು ನಂಬಿಕೆ 'ಮೊದಲು ಹೊಳೆದದ್ದೇ ಸರಿ, ತಿದ್ದಬಾರದಿತ್ತು' ಎನ್ನುವುದು. ಇದು ಸರಿಯಲ್ಲ. ಕ್ರುಗರ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,561 ಬಹು ಆಯ್ಕೆ ಪರೀಕ್ಷೆಗಳಲ್ಲಿ ಅಳಿಸಿ ತಿದ್ದಿದ ಗುರುತುಗಳನ್ನು ಎಣಿಸಿದರು. ತಿದ್ದಿದ್ದರಲ್ಲಿ 51% ತಪ್ಪಿನಿಂದ ಸರಿಗೆ ಹೋಗಿದ್ದವು; ಸರಿಯಿಂದ ತಪ್ಪಿಗೆ ಹೋದದ್ದು 25% ಮಾತ್ರ. ಆದರೆ ಸರಿ ಇದ್ದದ್ದನ್ನು ಕೈಯಾರೆ ಕೆಡಿಸಿಕೊಂಡ ನೋವು ಹೆಚ್ಚು, ಅದೇ ನೆನಪಿನಲ್ಲಿ ಉಳಿಯುತ್ತದೆ.

ಓದಿ ಅರ್ಥಮಾಡಿಕೊಳ್ಳುವ ಪ್ರಶ್ನೆಗಳಲ್ಲಿ

ಕನ್ನಡ ಪತ್ರಿಕೆಯಲ್ಲಿ ಪಠ್ಯದ ಹೊರಗಿನ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರಲ್ಲ, ಅಲ್ಲಿ ಹೋಲಿಕೆ ಇನ್ನೂ ಕಷ್ಟ. ಒಬ್ಬಳು ಎರಡು ಸಾಲು, ಇನ್ನೊಬ್ಬಳು ಐದು ಸಾಲು ಬರೆದಿರುತ್ತಾಳೆ; ಅಂಶ ಒಂದೇ ಇದ್ದರೆ ಇಬ್ಬರಿಗೂ ಅಂಕ ಸಿಗುತ್ತದೆ. ವಾಕ್ಯಕ್ಕೆ ವಾಕ್ಯ ತಾಳೆ ನೋಡಿ ಅಳುವುದರಲ್ಲಿ ಅರ್ಥವಿಲ್ಲ. ಸಿಇಟಿಯಲ್ಲಂತೂ ಪ್ರಶ್ನೆಪತ್ರಿಕೆಗೆ ವರ್ಷನ್ ಕೋಡ್ ಇರುತ್ತದೆ, ಪ್ರಶ್ನೆಗಳ ಕ್ರಮವೇ ಬೇರೆ. "ಎಂಟನೇದಕ್ಕ ಬಿ" ಎಂದು ಕೂಗಾಡುವ ಮೊದಲು ಕೋಡ್ ನೋಡಿ.

ಹಾಗಂತ ಮಕ್ಕಳ ಈ ಹರಟೆ ಬರೀ ದಂಡ ಅಲ್ಲ. 2012ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಎಂಟನೇ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಅನಾನಸ್ ಹಣ್ಣೊಂದು ಮೊಲಕ್ಕೆ ಓಟದ ಸವಾಲು ಹಾಕುವ ಕಥೆ ಬಂದಿತ್ತು. ಅನಾನಸ್ ಕದಲುವುದೇ ಇಲ್ಲ, ಕೊನೆಗೆ ಪ್ರಾಣಿಗಳು ಅದನ್ನು ತಿಂದುಬಿಡುತ್ತವೆ. ಯಾಕೆ ತಿಂದವು, ಯಾವ ಪ್ರಾಣಿ ಹೆಚ್ಚು ಜಾಣ ಎಂದು ಪ್ರಶ್ನೆ. ಹೊರಬಂದ ಮಕ್ಕಳು ಮಾತಾಡಿಕೊಂಡರೆ ಯಾರ ಉತ್ತರಕ್ಕೂ ತಾಳಮೇಳವಿಲ್ಲ! ಸುದ್ದಿ ಪತ್ರಿಕೆಗಳಿಗೆ ಹೋಯಿತು, ಆ ಪ್ರಶ್ನೆಗಳನ್ನು ಅಂಕಕ್ಕೆ ಪರಿಗಣಿಸುವುದಿಲ್ಲ ಎಂದು ಅಲ್ಲಿನ ಶಿಕ್ಷಣ ಆಯುಕ್ತರು ಘೋಷಿಸಬೇಕಾಯಿತು. ನಮ್ಮಲ್ಲೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪರೀಕ್ಷೆ ಮುಗಿದ ಮೇಲೆ ಮಾದರಿ ಉತ್ತರಗಳನ್ನು ತನ್ನ ಜಾಲತಾಣದಲ್ಲಿ ಹಾಕಿ ಆಕ್ಷೇಪಣೆ ಕರೆಯುತ್ತದೆ. ಪ್ರಶ್ನೆಯೇ ತಪ್ಪು ಅನ್ನಿಸಿದರೆ ಶಿಕ್ಷಕರ ಮೂಲಕ ಅಲ್ಲಿಗೆ ತಲುಪಿಸಿ.

ಕಲಿಕೆಗೂ ಲಾಭವಿದೆ. 'ಇದು ಸರಿಯೇ' ಎಂದು ಗಟ್ಟಿಯಾಗಿ ನಂಬಿ ಮಾಡಿದ ತಪ್ಪನ್ನು ಯಾರಾದರೂ ತಿದ್ದಿದರೆ, ಅಂದಾಜಿನಲ್ಲಿ ಮಾಡಿದ ತಪ್ಪಿಗಿಂತ ಅದು ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ ಎಂದು ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ 2001ರಲ್ಲಿ ತೋರಿಸಿದರು. ಷರತ್ತು ಒಂದೇ, ತಿದ್ದುವ ಉತ್ತರ ಸರಿ ಇರಬೇಕು. ಗೇಟಿನ ಹತ್ತಿರ ಸಿಗುವುದು ಆ ಖಾತ್ರಿಯಲ್ಲ.

ಇನ್ನು ಹಿರಿಯರ ಮಾತಿನ ನಿಜವಾದ ಅರ್ಧ. ಚಿಂತೆ ಕಾರ್ಯಸ್ಮೃತಿಯ ಜಾಗ ತಿನ್ನುತ್ತದೆ, ಅಂದರೆ ಲೆಕ್ಕ ಮಾಡುವಾಗ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನು ಹಾಳೆಯ ಮೇಲೆ ಬರೆದ ಆತಂಕಿತ ವಿದ್ಯಾರ್ಥಿಗಳು ಉತ್ತಮ ಅಂಕ ಪಡೆದರು ಎಂದು ರಾಮಿರೆಜ್ ಮತ್ತು ಬೈಲಾಕ್ 2011ರಲ್ಲಿ ವರದಿ ಮಾಡಿದ್ದಾರೆ. ಖರ್ಚಿಲ್ಲದ ಉಪಾಯ, ಮಾಡಿ ನೋಡಬಹುದು. ಉತ್ತರ ತಾಳೆ ನೋಡುವುದನ್ನು ಕೊನೆಯ ಪೇಪರ್ ಆಗುವವರೆಗೆ ಮುಂದೂಡುವುದು ಇನ್ನೂ ಸುಲಭ.

ನನಗೆ ಹೆಚ್ಚು ಕಾಳಜಿ ಇರುವುದು 'ಕನ್ನಡವೇ ಹೋಯ್ತು' ಎಂದುಕೊಂಡು ಗಣಿತಕ್ಕೆ ಹೋಗದೇ ಉಳಿಯುವ ಮಗುವಿನ ಬಗ್ಗೆ. ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಅದರಲ್ಲಿ 25 ಆಂತರಿಕ ಮೌಲ್ಯಮಾಪನದ್ದು. ಒಂದು ಸಂಧಿಗೆ ಹೋಗುವುದು ಒಂದೇ ಅಂಕ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಮಗು ಊಟ ಬಿಟ್ಟು, ಮಾತು ಬಿಟ್ಟು ಕೂತರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಫಲಿತಾಂಶದಲ್ಲಿ ಅನುಮಾನ ಉಳಿದರೆ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಿ, ಮರುಎಣಿಕೆ ಅಥವಾ ಮರುಮೌಲ್ಯಮಾಪನದ ಅರ್ಜಿ ಆಮೇಲೆ. ಆ ಹುಡುಗ ಆಗಮ ಬರೆದನೋ ಆದೇಶ ಬರೆದನೋ ಎಂಬುದು ಆ ಪ್ರತಿಯಲ್ಲಿ ಅವನದೇ ಅಕ್ಷರದಲ್ಲಿ ಇರುತ್ತದೆ.