ಅವಿಭಾಜ್ಯ ಸಂಖ್ಯೆಯ ಪರೀಕ್ಷೆ: ಐತಿಹ್ಯ ಮತ್ತು ಚರಿತ್ರೆ

ಏಳು ಎರಡುಗಳನ್ನು ಪರಸ್ಪರ ಗುಣಿಸಿದರೆ 128 ಬರುತ್ತದೆ. ಅದರಲ್ಲಿ 2 ಕಳೆದು ಉಳಿದ 126ನ್ನು 7 ನಿಶ್ಶೇಷವಾಗಿ ಭಾಗಿಸುತ್ತದೆ. ಎಲ್ಲ ಅವಿಭಾಜ್ಯ ಸಂಖ್ಯೆಗಳಿಗೂ ಈ ಗುಣವುಂಟೆಂಬುದು ಫ್ರಾನ್ಸಿನ ಫರ್ಮಾ 1640ರ ಪತ್ರವೊಂದರಲ್ಲಿ ತಿಳಿಸಿದ ಪ್ರಮೇಯದಿಂದ ಸಿದ್ಧವಾಗುತ್ತದೆ. ಇದರ ವಿಲೋಮವೂ ನಿಜವಾಗಿದ್ದರೆ, ಅಂದರೆ ಈ ಗುಣವುಳ್ಳ ಸಂಖ್ಯೆಗಳೆಲ್ಲ ಅವಿಭಾಜ್ಯವಾಗಿದ್ದರೆ, ಪರೀಕ್ಷೆ ಸುಲಭವಾಗುತ್ತಿತ್ತು. ಪ್ರಾಚೀನ ಚೀನೀಯರು ಹಾಗೆಂದೇ ನಂಬಿದ್ದರೆಂಬ ಹೇಳಿಕೆ ಗಣಿತಗ್ರಂಥಗಳಲ್ಲಿ ಬಹುಕಾಲ ಉಳಿದುಕೊಂಡಿತು.

ಈ ಹೇಳಿಕೆಯ ಸಂಚಾರ ಜಾನಪದ ಅಧ್ಯಯನಕಾರರಿಗೆ ಅಪರಿಚಿತವಾದುದಲ್ಲ. 19ನೆಯ ಶತಮಾನದ ಕೊನೆಯಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಯಾಗಿದ್ದ ಜೀನ್ಸ್, ದಿವಂಗತ ಥಾಮಸ್ ವೇಡ್ ಅವರ ಕಾಗದಪತ್ರಗಳಲ್ಲಿ ದೊರೆತ ಬರಹವೊಂದನ್ನು ಆಧರಿಸಿ ಇದನ್ನು ಕನ್‌ಫ್ಯೂಷಿಯಸ್‌ನ ಕಾಲಕ್ಕೆ ಒಯ್ದರು. 1919ರಲ್ಲಿ ಡಿಕ್ಸನ್ ತಮ್ಮ ಸಂಖ್ಯಾಸಿದ್ಧಾಂತದ ಚರಿತ್ರೆಯಲ್ಲಿ ಈ ಪ್ರಾಚೀನತೆಗೆ ಎಡೆಕೊಟ್ಟರು. ಮುಂದೆ ಜೋಸೆಫ್ ನೀಡಮ್ ಇದು ತಪ್ಪು ಅರ್ಥೈಕೆಯ ಫಲವೆಂದು ತಳ್ಳಿಹಾಕಿದರೂ ಐತಿಹ್ಯ ಅಳಿಯಲಿಲ್ಲ.

ವಾಸ್ತವದಲ್ಲಿ ಈ ವಿಚಾರ ಲೀ ಶಾನ್‌ಲಾನ್ (1811–1882) ಎಂಬ ಚೀನೀ ಗಣಿತಜ್ಞರದು. 1869ರಲ್ಲಿ ಅವರ ವಿಧಾನ ಹಾಂಗ್‌ಕಾಂಗ್‌ನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ ಓದುಗರು ದೋಷವನ್ನು ಎತ್ತಿತೋರಿಸಿದರು. 1872ರ ಲೇಖನದಲ್ಲಿ ವಿಲೋಮ ಸಲ್ಲದೆಂಬುದನ್ನು ಲೀ ಅವರೇ ಗುರುತಿಸಿದರು. ತಿದ್ದಿಕೊಂಡ ಪಂಡಿತರನ್ನು ಪರಂಪರೆ ಮರೆಯಿತು; ಅವರು ಕೈಬಿಟ್ಟ ತಪ್ಪು ಮಾತ್ರ ಎರಡು ಸಾವಿರ ವರ್ಷಕ್ಕೂ ಹಿಂದೆ ಸರಿದು ಪ್ರಾಚೀನವಾಯಿತು!

ದೋಷವಿರುವುದು 341ರಲ್ಲಿ. 1819ರಲ್ಲೇ ಫ್ರಾನ್ಸಿನ ಸಾರೂಸ್ ಇದನ್ನು ಕಂಡಿದ್ದರು. ಅದು 11 ಮತ್ತು 31ರ ಗುಣಲಬ್ಧ. ಆದರೂ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. 561 ಇನ್ನೂ ಕಪಟಿ: 2ರ ಬದಲು ಯಾವ ಸಂಖ್ಯೆಯನ್ನು ಹಿಡಿದರೂ ಅದು ಸಿಕ್ಕಿಬೀಳುವುದಿಲ್ಲ. ಇಂಥವು ಅನಂತವಾಗಿವೆಯೆಂದು 1994ರಲ್ಲಿ ಸಿದ್ಧವಾಯಿತು. 1980ರಲ್ಲಿ ರಾಬಿನ್ ಪ್ರಕಟಿಸಿದ ಪರೀಕ್ಷೆ ಇವುಗಳನ್ನೂ ಹಿಡಿಯಬಲ್ಲದು; ಅದು ಯಾದೃಚ್ಛಿಕ ಆಯ್ಕೆಯನ್ನು ಅವಲಂಬಿಸಿರುವುದರಿಂದ ತಪ್ಪಿನ ಸಂಭವ ಅತ್ಯಲ್ಪ, ಆದರೆ ಶೂನ್ಯವಲ್ಲ.

2002ರ ಆಗಸ್ಟ್‌ನಲ್ಲಿ ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ನೀಡಿದ ಅಲ್ಗಾರಿದಮ್ ಮರಳಿದ್ದು ಫರ್ಮಾನ ಪ್ರಮೇಯಕ್ಕೇ, ಆದರೆ ಅದರ ಬಹುಪದೋಕ್ತಿ ರೂಪಕ್ಕೆ. ಅಲ್ಲಿ ವಿಲೋಮವೂ ಸತ್ಯ. ಆ ಲೆಕ್ಕ ಅತಿದೀರ್ಘವಾದುದರಿಂದ ಮತ್ತೊಂದು ಚಿಕ್ಕ ಬಹುಪದೋಕ್ತಿಯಿಂದ ಭಾಗಿಸಿ ಶೇಷವನ್ನಷ್ಟೇ ಹೋಲಿಸಿದರು. ಹಾಗೆ ಮೊಟಕಾದರೂ ನಿರ್ಣಯ ತಪ್ಪದೆಂದು ಸಾಧಿಸಿದ್ದೇ ಅವರ ಹಿರಿಮೆ. ಇದು 2004ರಲ್ಲಿ ‘ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ನಲ್ಲಿ ಪ್ರಕಟವಾಯಿತು. ಗೂಢಲಿಪಿಯ ನಿತ್ಯವ್ಯವಹಾರದಲ್ಲಿ ಮಾತ್ರ ವೇಗದ ಕಾರಣಕ್ಕೆ ರಾಬಿನ್ ಮಾದರಿಯ ಪರೀಕ್ಷೆಯೇ ಬಳಕೆಯಲ್ಲಿದೆ.