ಬೈಕುಲ್ಲಾದ ಬೀಡಿ, ಲಂಡನ್ನಿನ ಲೆಕ್ಕ

ಬೈಕುಲ್ಲಾದಲ್ಲಿ ಒಂದು ಕಡೆ ರುಸ್ತುಂ ಬಾಗ್‌ನ ಪಾರ್ಸಿ ಮನೆಗಳು, ಇನ್ನೊಂದು ಕಡೆ ಗಿರಣಿ ಕಾರ್ಮಿಕರು ಬದುಕಿದ ಚಾಳುಗಳು. ಖಟಾವು ಮಿಲ್ಲಿನಂಥ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಎರಡೂ ಕಡೆಯವರು ಉಸಿರಾಡಿದ್ದು ಒಂದೇ ಗಾಳಿ. ಶ್ವಾಸಕೋಶದ ಕ್ಯಾನ್ಸರಿಗೆ ಊರಿನ ಗಾಳಿಯೊಂದೇ ಕಾರಣವಾಗಿದ್ದರೆ ಇಬ್ಬರ ಲೆಕ್ಕವೂ ಒಂದೇ ಬರಬೇಕಿತ್ತು. ಮುಂಬಯಿಯ ಲೆಕ್ಕ ಹಾಗೆ ಬರಲಿಲ್ಲ.

ಇಂಥ ಅನುಮಾನ ಲಂಡನ್ನಿನಲ್ಲೂ ಹುಟ್ಟಿತ್ತು. ಅಲ್ಲಿ ಈ ರೋಗ ಏರುತ್ತಿದ್ದಾಗ ರಿಚರ್ಡ್ ಡಾಲ್ ಮೊದಲು ಸಂಶಯಪಟ್ಟದ್ದು ರಸ್ತೆಯ ಡಾಂಬರನ್ನು, ಮೋಟಾರುಗಳ ಹೊಗೆಯನ್ನು. ಅವರೂ ಬ್ರಾಡ್‌ಫೋರ್ಡ್ ಹಿಲ್ ಅವರೂ 709 ರೋಗಿಗಳನ್ನು, ಬೇರೆ ಕಾಯಿಲೆಯ ಅಷ್ಟೇ ಮಂದಿಯನ್ನು ವಿಚಾರಿಸಿ 1950ರಲ್ಲಿ ವರದಿ ಬರೆದಾಗ ಬೆರಳು ತೋರಿದ್ದು ಸಿಗರೇಟಿನತ್ತ. ಅದೇ ವರ್ಷ ಅಮೆರಿಕದಿಂದಲೂ ಅಂಥದೇ ವರದಿ ಬಂತು.

ಆಮೇಲೆ ದೇಶದೇಶಗಳ ಗೆರೆಗಳು ಅರ್ಥವಾಗತೊಡಗಿದವು. ಬ್ರಿಟನ್ನಿನ ಗಂಡಸರಲ್ಲಿ ಸಾವು ತುದಿ ಮುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ 1990ರ ಸುಮಾರಿಗೆ. ಹೊಗೆ ಮೊದಲು, ರೋಗ ಇಪ್ಪತ್ತು ಮೂವತ್ತು ವರ್ಷ ತಡವಾಗಿ.

ನಮ್ಮಲ್ಲಿ ಎಣಿಕೆಗೇ ಹಾದಿ ಇರಲಿಲ್ಲ. ಡಾ. ದರಾಬ್ ಜಸ್ಸಾವಾಲಾ ಮುಂದಾಳತ್ವದ ಇಂಡಿಯನ್ ಕ್ಯಾನ್ಸರ್ ಸೊಸೈಟಿ 1963ರಲ್ಲಿ ಮುಂಬಯಿಯ ಕ್ಯಾನ್ಸರ್ ನೋಂದಣಿ ಆರಂಭಿಸಿತು. ದೇಶದಲ್ಲಿ ಅದೇ ಮೊದಲನೆಯದು. ಒಂದೇ ಊರಿನ ಬೇರೆ ಬೇರೆ ಸಮುದಾಯಗಳನ್ನು ಹೋಲಿಸಲು ಅದರಿಂದ ಸಾಧ್ಯವಾಯಿತು. ಬೆಂಕಿಯನ್ನು ಪವಿತ್ರವೆಂದು ಕಾಣುವ ಪಾರ್ಸಿಗಳಲ್ಲಿ ಧೂಮಪಾನ ಕಡಿಮೆ. ಶ್ವಾಸಕೋಶದ ಕ್ಯಾನ್ಸರೂ ಕಡಿಮೆ. 1979ರಲ್ಲಿ ಜಸ್ಸಾವಾಲಾ ಮತ್ತು ಜೈನ್ ಪ್ರಕಟಿಸಿದ ಅಧ್ಯಯನ ಬೀಡಿಯನ್ನು ಸಿಗರೇಟಿಗಿಂತ ಅಪಾಯಕಾರಿಯಾಗಿ ತೋರಿಸಿತು. 1991ರಿಂದ ಮತದಾರರ ಪಟ್ಟಿ ಹಿಡಿದು, 35 ದಾಟಿದ ಸುಮಾರು ಒಂದೂವರೆ ಲಕ್ಷ ಮುಂಬಯಿಕರರನ್ನು ಗಮನಿಸಿದ ಅಧ್ಯಯನದಲ್ಲೂ ಅದೇ ಕಂಡಿತು: ತಂಬಾಕು ಮುಟ್ಟದ ಗಂಡಸರಿಗೆ ಹೋಲಿಸಿದರೆ ಸಾವಿನ ಅಪಾಯ ಸಿಗರೇಟು ಸೇದುವವರಲ್ಲಿ 1.37 ಪಟ್ಟು, ಬೀಡಿ ಸೇದುವವರಲ್ಲಿ 1.64 ಪಟ್ಟು.

ಬಡವರ ಬೀಡಿ ಹಗುರ ಎಂಬ ನಂಬಿಕೆ ಇಲ್ಲಿಗೆ ಮುರಿಯಿತು. ಅದು ನಮಗೆ, ಕನ್ನಡಿಗರಿಗೆ, ದೂರದ ಸುದ್ದಿಯಲ್ಲ. ನಿಪ್ಪಾಣಿಯ ಹೊಲಗಳಲ್ಲಿ ಬೀಡಿ ತಂಬಾಕು ಬೆಳೆದವರು ನಮ್ಮವರು; ದಕ್ಷಿಣ ಕನ್ನಡದ ಮನೆಜಗುಲಿಗಳಲ್ಲಿ ಎಲೆ ಕತ್ತರಿಸಿ, ಸುತ್ತಿ, ನೂಲು ಕಟ್ಟಿ ಮಕ್ಕಳ ಶಾಲೆಯ ಫೀಜು ಕಟ್ಟಿದ ತಾಯಂದಿರೂ ನಮ್ಮವರು. ಬೀಡಿ ಒಂದು ಮನೆಯ ಅನ್ನ, ಇನ್ನೊಂದು ಮನೆಯ ಕೆಮ್ಮು.

ಆದರೂ ಭಾರತದ ಅಂಕಿ ಪಶ್ಚಿಮಕ್ಕಿಂತ ಕಡಿಮೆಯೇ. ಒಂದು ಕಾರಣ, ನಮ್ಮ ತಂಬಾಕು ಹೆಚ್ಚಾಗಿ ಬಾಯಿಗೆ ಹೋಗುತ್ತದೆ: 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೇದುವವರು ಶೇ. 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 21.4. ಆ ಲೆಕ್ಕ ಬಾಯಿ ಕ್ಯಾನ್ಸರಿನ ವಾರ್ಡಿನಲ್ಲಿ ಸಿಗುತ್ತದೆ. ಇನ್ನೊಂದು, ಎಕ್ಸ್‌ರೇಯ ಮಚ್ಚೆ ಕಂಡೊಡನೆ ಕ್ಷಯವೆಂದು ತಿಂಗಳುಗಟ್ಟಲೆ ಮದ್ದು ಕೊಡುವ ಅಭ್ಯಾಸ.

ತಂಬಾಕೊಂದೇ ಕಾರಣವೆಂದಲ್ಲ. ಚೀನಾದ ಶ್ವಾನ್‌ವೇಯಲ್ಲಿ ಸೇದದ ಹೆಂಗಸರಿಗೂ ಈ ರೋಗ ವಿಪರೀತವಾಗಿತ್ತು. ಮನೆಯೊಳಗೆ ಉರಿಸುತ್ತಿದ್ದ ಕಲ್ಲಿದ್ದಲಿನ ಹೊಗೆ ಅದಕ್ಕೆ ಕಾರಣ. ಒಲೆಗೆ ಚಿಮಣಿ ಹಾಕಿದ ಮನೆಗಳಲ್ಲಿ ರೋಗ ಇಳಿಯಿತು. ಹೊರಗಿನ ಗಾಳಿಯ ಮಾಲಿನ್ಯವೂ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಸಂಸ್ಥೆ 2013ರಲ್ಲಿ ಸಾರಿದೆ.

ಹೀಗಾಗಿ ನಮ್ಮ ಕಡಿಮೆ ಅಂಕಿಯನ್ನು ನೆಮ್ಮದಿಯೆಂದು ಓದಬಾರದು. 1950ರಲ್ಲಿ ಅಮೆರಿಕದ ಹೆಂಗಸರಲ್ಲಿಯೂ ಈ ರೋಗ ಅಪರೂಪವೇ ಆಗಿತ್ತು. 1987ರ ಹೊತ್ತಿಗೆ ಅಲ್ಲಿ ಸ್ತನ ಕ್ಯಾನ್ಸರಿಗಿಂತ ಹೆಚ್ಚು ಹೆಂಗಸರು ಇದರಿಂದಲೇ ಸಾಯುತ್ತಿದ್ದರು.