ಗ್ಯಾಸ್ ಲೈಟಿನಿಂದ ಡಿ.ಜೆ.ವರೆಗೆ

ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ನೆಂಟರ ಮನೆಯೊಂದರಲ್ಲಿ ಉಪನಯನವಿತ್ತು. ಹಿಂದಿನ ದಿನ ಸಂಜೆ ಅಂಗಳದಲ್ಲಿ ಕುಣಿಯಲೆಂದು ಮನೆಯ ಹುಡುಗರು ಡಿ.ಜೆ. ತರಿಸಿದ್ದರು. ಆಳೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳು, ಬಣ್ಣಬಣ್ಣದ ಎಲ್.ಇ.ಡಿ. ದೀಪಗಳು, ಒಂದು ಲ್ಯಾಪ್‌ಟಾಪು. ಆಂಪ್ಲಿಫೈಯರಿನ ಪ್ಲಗ್ಗಿನ ಬುಡದಲ್ಲಿ ಹಸಿರು ವೈರನ್ನು ಕತ್ತರಿಸಿ ಟೇಪು ಸುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು.

"ಇದೇನಪ್ಪಾ, ಅರ್ಥ್ ವೈರನ್ನೇ ಕತ್ತರಿಸಿದ್ದೀಯಲ್ಲ?" ಎಂದೆ.

"ಅದು ಇದ್ರೆ ಬಾಕ್ಸು ಗುಂಯ್ ಅನ್ನತ್ತೆ ಸಾರ್" ಎಂದ ಹುಡುಗ, ನಗುತ್ತಲೇ.

ನನಗೆ ನಗು ಬರಲಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಅಂಗಳಗಳಿಗೆ ಬೆಳಕು ಮತ್ತು ಸದ್ದು ಬಂದ ಬಗೆಯನ್ನು ಸ್ವಲ್ಪ ನೆನೆಯಬೇಕು.

ನನ್ನ ಬಾಲ್ಯ ಕಳೆದದ್ದು ಸಾಗರ ತಾಲ್ಲೂಕಿನಲ್ಲಿ. 1960ರ ದಶಕದ ಮದುವೆಗಳೆಂದರೆ ಗ್ಯಾಸ್ ಲೈಟಿನ ಮದುವೆಗಳು. ಹೆಸರಿಗೆ ಗ್ಯಾಸ್ ಲೈಟು, ಉರಿಯುತ್ತಿದ್ದುದು ಸೀಮೆಎಣ್ಣೆ! ಪಂಪು ಹೊಡೆದು, ಮ್ಯಾಂಟಲ್ ಬೆಳ್ಳಗಾಗುವವರೆಗೆ ಕಾದು, ಚಪ್ಪರದ ಅಡಕೆ ಕಂಬಕ್ಕೆ ತೂಗುಹಾಕುವ ಅಧಿಕಾರ ಊರಿನಲ್ಲಿ ಒಬ್ಬಿಬ್ಬರಿಗೆ ಮಾತ್ರ ಇತ್ತು. ಮೈಕ್ ಸೆಟ್ಟು ಬಂದಾಗ ಅದು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಹಾರ್ನನ್ನು ಮರದ ತುದಿಗೆ ಕಟ್ಟಿ, ಗ್ರಾಮಫೋನ್ ಪ್ಲೇಟು ಹಾಕಿದರೆ ಪಕ್ಕದ ಊರಿನವರಿಗೂ ಮದುವೆಯ ಸುದ್ದಿ ತಲುಪುತ್ತಿತ್ತು. ಆ ಕಾಲದಲ್ಲೂ ಅಪಾಯವಿತ್ತು. ಅದು ಬೆಂಕಿಯ ಅಪಾಯ. ಬೆಂಕಿ ಕಣ್ಣಿಗೆ ಕಾಣುತ್ತದೆ, ವಾಸನೆ ಬರುತ್ತದೆ. ಅಡಕೆ ಸೋಗೆಯ ಚಪ್ಪರದ ಕೆಳಗೆ ಹೇಗೆ ಎಚ್ಚರದಿಂದಿರಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಿಚಿತ್ರವೆಂದರೆ, ಇಷ್ಟು ಹೊತ್ತಿಗಾಗಲೇ ನಮ್ಮ ತಾಲ್ಲೂಕು ನಾಡಿಗೆಲ್ಲ ವಿದ್ಯುತ್ತು ಕೊಡುತ್ತಿತ್ತು. ಜೋಗದಲ್ಲಿ 1940ರ ದಶಕದ ಕೊನೆಯಿಂದಲೇ ವಿದ್ಯುತ್ ಉತ್ಪಾದನೆಯಾಗುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರದ ಎಷ್ಟೋ ಊರುಗಳು ನೀರಿನಡಿ ಸೇರಿದವು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ ಇಂದು 1035 ಮೆಗಾವ್ಯಾಟ್. ಆದರೆ ಮನೆ, ಗದ್ದೆ ಕಳೆದುಕೊಂಡವರಲ್ಲಿ ಎಷ್ಟೋ ಜನ ತಲೆಯ ಮೇಲೆ ತಂತಿ ಹಾದುಹೋಗುವುದನ್ನು ನೋಡುತ್ತ ಚಿಮಣಿ ದೀಪದಲ್ಲೇ ಬಹುಕಾಲ ಕಳೆದರು. ಕೊನೆಗೂ ಕಂಬ ಬಂದಾಗ ಬಂದದ್ದು ಲೈನಿನ ತುದಿಯ ಬಡಕಲು ವೋಲ್ಟೇಜು. ಸಂಜೆಯಾದರೆ ಟ್ಯೂಬ್‌ಲೈಟು ಮಿಣುಕುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ. ಹೀಗೆ ಕಾದು ಕಾದು ಕರೆಂಟು ಪಡೆದವರಿಗೆ ಮದುವೆಯ ದಿನವಾದರೂ ಅಂಗಳ ಝಗಝಗಿಸಬೇಕೆಂಬ ಆಸೆ ಹುಟ್ಟಿದ್ದರೆ ತಪ್ಪೇನು?

ಬಿ.ಎಡ್. ಮುಗಿಸಿದ ಮೇಲೆ ನಾನು ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ವಿಜ್ಞಾನದ ಮೇಷ್ಟರಾಗಿ ಸೇರಿದೆ. ಅದೇ ತಾಲ್ಲೂಕಿನ ಮಾಣಿ ಅಣೆಕಟ್ಟಿನ ನೀರಿನಿಂದ ವಾರಾಹಿಯ ಭೂಗರ್ಭ ವಿದ್ಯುದಾಗಾರ ಶುರುವಾದದ್ದು 1989ರಲ್ಲಿ. ಅದರ ಹಿಂದಿನ ವರ್ಷದ ಮೇ ತಿಂಗಳಲ್ಲಿ ಒಂದು ಮದುವೆ. ಅಂಗಳಕ್ಕೆ ಸಾವಿರ ವ್ಯಾಟಿನ ಎರಡು ಹ್ಯಾಲೋಜನ್ ದೀಪ, ಸೀರಿಯಲ್ ಸೆಟ್ಟು, ಮೈಕ್ ಸೆಟ್ಟು, ಅಡುಗೆಯವರ ಗ್ರೈಂಡರು. ದಿಬ್ಬಣ ಬರುವ ಹೊತ್ತಿಗೆ ಫ್ಯೂಸು ಮೂರು ಸಲ ಹೋಯಿತು. "ಮೇಷ್ಟ್ರೇ, ನೀವು ಇದನ್ನೆಲ್ಲ ಓದಿದವರು. ಏನಾದ್ರೂ ಮಾಡಿ ಮಾರಾಯ್ರೆ" ಎಂದರು ಮನೆಯ ಹಿರಿಯರು. ಹೊಗಳಿಕೆಗೆ ಉಬ್ಬಿದ ನಾನು ವೈರಿನೊಳಗಿನ ತಾಮ್ರದ ಎಳೆಗಳನ್ನು ಹೊಸೆದು ಫ್ಯೂಸಿಗೆ ಕಟ್ಟಿದೆ. ದೀಪಗಳು ಮತ್ತೆ ಹೋಗಲಿಲ್ಲ.

ಲೆಕ್ಕ ನನಗೆ ಗೊತ್ತಿರಲಿಲ್ಲವೆಂದಲ್ಲ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು. ನಿಮಗೆಲ್ಲ ಬೋರ್ಡಿನ ಮೇಲೆ ಬರೆಸಿದ್ದೇನೆ. 2000ವನ್ನು 230ರಿಂದ ಭಾಗಿಸಿದರೆ ಒಂಬತ್ತರ ಹತ್ತಿರ. ಆ ಮನೆಯ ದೀಪದ ವೈರಿಂಗು 5 ಆಂಪಿಯರಿನದು. ಫ್ಯೂಸು ಮೂರು ಸಲ ಹೇಳಿದ್ದು ಇದನ್ನೇ.

ರಾತ್ರಿ ಒಂಬತ್ತರ ಸುಮಾರಿಗೆ, ಮೈಕ್ ಸೆಟ್ಟಿನವರೊಂದಿಗೆ ಬಂದಿದ್ದ ಹುಡುಗನೊಬ್ಬ ಕೈತೊಳೆಯುವ ಜಾಗದ ಹತ್ತಿರವಿದ್ದ ಹ್ಯಾಲೋಜನ್ನಿನ ಕಬ್ಬಿಣದ ಸ್ಟ್ಯಾಂಡನ್ನು ಸರಿಸಲು ಹಿಡಿದ. ದೀಪದ ಕಾವಿಗೆ ವೈರಿನ ಮೇಲ್ಹೊದಿಕೆ ಕರಗಿ ತಂತಿ ಸ್ಟ್ಯಾಂಡಿಗೆ ತಗುಲಿತ್ತು. ಅರ್ಥ್ ವೈರು ಇರಲೇ ಇಲ್ಲ. ಬರಿಗಾಲು, ಒದ್ದೆ ನೆಲ. ಹಿಡಿದ ಕೈಯನ್ನು ಬಿಡಿಸಿಕೊಳ್ಳಲು ಅವನಿಗೆ ಆಗಲಿಲ್ಲ. ಯಾರೋ ಕೂಗಿದರು, ನಾನು ಓಡಿ ಮೇನ್ ಸ್ವಿಚ್ಚು ಇಳಿಸಿದೆ. ಹುಡುಗ ಬದುಕಿಕೊಂಡ. ಬಲಗೈಯ ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಅವನು ನನ್ನದೇ ತರಗತಿಯಲ್ಲಿ ಕುಳಿತು ಪಾಠ ಕೇಳಿದ್ದವನು.

ಫ್ಯೂಸು ಇರುವುದು ವೈರನ್ನು ಕಾಯಲು. ಮನುಷ್ಯನ ಮೈಯಲ್ಲಿ ಹರಿಯುವ ಅಲ್ಪ ಕರೆಂಟಿಗೆ ಅದು ಕರಗುವುದಿಲ್ಲ. ಹಾಗೆಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಸರಿಯಾದ ತಂತಿಯನ್ನೇ ಹಾಕಿದ್ದರೆ ಒಂದು ಹ್ಯಾಲೋಜನ್ನನ್ನು ಆರಿಸಲೇಬೇಕಾಗುತ್ತಿತ್ತು. ಆರಿಸುತ್ತಿದ್ದುದು ಕೈತೊಳೆಯುವ ಜಾಗದ್ದನ್ನೇ.

ಇಂದಿನ ಸಾಧನಗಳು ಉತ್ತಮ. ಮನುಷ್ಯನನ್ನು ಕಾಯುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಬಂದಿದೆ. ಆಂಪಿಯರಿನ ಸಾವಿರದಲ್ಲಿ 30 ಭಾಗದಷ್ಟು ಕರೆಂಟು ದಾರಿ ತಪ್ಪಿ ನೆಲಕ್ಕೆ ಹರಿದರೂ ಸಾಕು, ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಎಲ್.ಇ.ಡಿ.ಯಿಂದಾಗಿ ದೀಪಗಳ ಹೊರೆಯೂ ಇಳಿದಿದೆ. ಆದರೆ ಮದುವೆ, ಮುಂಜಿಗಳ ಕಾಲವಾದ ಏಪ್ರಿಲ್, ಮೇ ತಿಂಗಳಲ್ಲೇ ನಮ್ಮ ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ಸೋಲುತ್ತದೆ. ಇದ್ದಿಲು, ಉಪ್ಪು ತುಂಬಿದ ಆ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ಯುವವರು ಕಡಿಮೆ. ಸುರುಳಿ ಬಿಚ್ಚದೆಯೇ ಎಕ್ಸ್‌ಟೆನ್ಷನ್ ವೈರಿಗೆ ಹೊರೆ ಹಾಕುತ್ತಾರೆ. ಅದು ಒಳಗೊಳಗೇ ಬೇಯುತ್ತದೆ. ಇನ್ನು ಕೆಲವರು ದೀಪಕ್ಕೆ ಮನೆಯಿಂದ, ಸೌಂಡಿಗೆ ಪಂಪ್‌ಸೆಟ್ಟಿನ ಬೋರ್ಡಿನಿಂದ ಲೈನು ಎಳೆಯುತ್ತಾರೆ. ಎರಡೂ ಬೇರೆ ಬೇರೆ ಫೇಸ್ ಆಗಿದ್ದರೆ ಆ ಎರಡು ತಂತಿಗಳ ನಡುವೆ ಸುಮಾರು 400 ವೋಲ್ಟು!

ತೀರ್ಥಹಳ್ಳಿಯ ಆ ಸಂಜೆ ಹುಡುಗನನ್ನು ನಿಲ್ಲಿಸಿ ಹೊಸ ಪ್ಲಗ್ಗು ತರಿಸಿ ಹಸಿರು ವೈರನ್ನು ಜೋಡಿಸಿದೆವು. ಅವನು ಹೇಳಿದ್ದು ನಿಜ, ಪೆಟ್ಟಿಗೆ ಗುಂಯ್ ಎಂದಿತು. ಲ್ಯಾಪ್‌ಟಾಪು ನಡುಮನೆಯ ಸಾಕೆಟ್ಟಿನಲ್ಲಿತ್ತು, ಆಂಪ್ಲಿಫೈಯರು ಜಗಲಿಯದರಲ್ಲಿ. ಹೊರೆಯ ಲೆಕ್ಕ ಹಾಕಿ, ಎರಡನ್ನೂ 15 ಆಂಪಿಯರಿನ ಒಂದೇ ಬೋರ್ಡಿನಿಂದ ಕೊಟ್ಟಾಗ ಸದ್ದು ನಿಂತಿತು. ಹುಡುಗ ನನ್ನತ್ತ ನೋಡಿದ ನೋಟದಲ್ಲಿ ಸ್ವಲ್ಪ ಗೌರವವಿತ್ತೆಂದು ನಂಬಿದ್ದೇನೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ 2000ದ ನಿಯಮವನ್ನು ನೆನಪಿಸಿದಾಗ ಆ ಗೌರವ ಉಳಿಯಲಿಲ್ಲ!

1988ರ ಹುಡುಗನಿಗೆ ಈಗ ಮೊಮ್ಮಕ್ಕಳಿದ್ದಾರೆ. ಎದುರಾದಾಗಲೆಲ್ಲ ಆ ಕೈಯನ್ನೇ ಜೋಡಿಸಿ "ನಮಸ್ಕಾರ ಸಾರ್, ಅವತ್ತು ನೀವು ಓಡಿ ಸ್ವಿಚ್ಚು ತೆಗೀದಿದ್ರೆ ನಾನು ಇರ್ತಿರಲಿಲ್ಲ" ಎನ್ನುತ್ತಾನೆ. ಅಂದು ಊರಿನವರೆಲ್ಲ "ಹುಡುಗನದೇ ಅಜಾಗರೂಕತೆ" ಎಂದಾಗ ನಾನು ಬಾಯಿ ಬಿಡಲಿಲ್ಲ. ನನ್ನ ಬರಹಗಳನ್ನು ಅವನ ಮಗಳು ಅವನಿಗೆ ಓದಿಹೇಳುತ್ತಾಳಂತೆ. ಇದನ್ನೂ ಓದಿಹೇಳಮ್ಮ. ಆ ಫ್ಯೂಸಿಗೆ ತಾಮ್ರದ ತಂತಿ ಕಟ್ಟಿದವನು ನಾನು.